ನೋವಿನ ತಪಾಸಣೆ

ಎದುರಿನ ಬೆಂಚಿನ ಮೇಲೆ ಕೂತಿದ್ದ ಮನುಷ್ಯ ಅಳುತ್ತಿರಲಿಲ್ಲ, ಅಳುವ ಹಾಗೆ ಮಾಡುತ್ತಿದ್ದ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ಅರ್ಧ ಆಯಸ್ಸು ಸವೆಸಿ ಈಗ ಇವನನ್ನು ನೋಡುತ್ತ ಕೂತಿದ್ದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಜವಾಗಿ ಅಳುವವನಿಗೆ ಮೊದಲು ಮೂಗು ಸೋರುತ್ತದೆ. ಈತ ಕರವಸ್ತ್ರದ ಇಸ್ತ್ರಿಯ ಮಡಿಕೆಯನ್ನೂ ಬಿಡಿಸದೆ ಕಣ್ಣಿಗೆ ಒತ್ತಿಕೊಂಡು, ಯಾರು ನೋಡುತ್ತಿದ್ದಾರೆಂದು ಅದರ ಅಂಚಿನಿಂದ ನೋಡುತ್ತಿದ್ದ. ಒಳಗಿರುವುದು ಆಸ್ತಿ ಬರೆದಿಡಬೇಕಾದ ದೊಡ್ಡಪ್ಪನೋ ಯಾರೋ ಇರಬೇಕು. ಎದ್ದು ಹೋಗಿ ಅವನ ಮುಂದೆ ಕೈಚಾಚಿ ನಿಂತುಬಿಡಬೇಕು, ಒಂದು ಮಾತೂ ಆಡಬಾರದು, ತಾನಾಗಿಯೇ ಬೆವರುತ್ತಾನೆ ಎಂದುಕೊಂಡ. ಟಿಕೆಟ್ ತೆಗೆದುಕೊಳ್ಳದವನು ಕಿಟಕಿಯಾಚೆ ನೋಡುತ್ತಾನೆ, ಟಿಕೆಟ್ ಕಳೆದುಕೊಂಡವನು ಕಾಲಬುಡದಲ್ಲಿ ನೋಡುತ್ತಾನೆ, ನಿದ್ದೆಯ ಸೋಗು ಹಾಕಿದವನ ಕತ್ತು ಬ್ರೇಕ್ ಹಾಕಿದಾಗ ವಾಲುವುದಿಲ್ಲ. ಡಿಪೋದಲ್ಲಿ ಕಂಡಕ್ಟರುಗಳು ಬೆನ್ನ ಹಿಂದೆ ಅವನನ್ನು ಹದ್ದು ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಈಗ ಆ ಹದ್ದು ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುಡಿ ಕೂತು ಆಪರೇಷನ್ ಥಿಯೇಟರಿನ ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತಿತ್ತು. ಆ ಬಾಗಿಲ ಹಿಂದೆ ಅವನ ಮಗಳ ಹೊಟ್ಟೆ ಕೊಯ್ಯುತ್ತಿದ್ದರು. ಅವಳಿಗೆ ಏಳು ವರ್ಷ.

ನಡುವೆ ಒಂದೆರಡು ಕುರ್ಚಿ ಖಾಲಿ ಬಿಟ್ಟು ಹೆಂಡತಿ ಕೂತಿದ್ದಳು, ಅವಳಿಗೆ ಅಂಟಿಕೊಂಡು ಅವಳ ಅಕ್ಕ. ಅತ್ತಿಗೆ ಬರುವಾಗ ಫ್ಲಾಸ್ಕಿನಲ್ಲಿ ಟೀ ತಂದಿದ್ದಳು, ಲೋಟ ಮಾತ್ರ ಎರಡೇ ತಂದಿದ್ದಳು. ಅವಳು ಯಾವಾಗಲೂ ಹಾಗೆಯೇ. ಬಾಯಿಬಿಟ್ಟು ಬೈಯುವುದಿಲ್ಲ, ಲೋಟ ಕಡಿಮೆ ಮಾಡುತ್ತಾಳೆ. ಹೆಂಡತಿ ಟೀ ಕುಡಿಯದೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರ ಗಾಜು ಒರೆಸುವವಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತ, ಅವನಿದ್ದ ದಿಕ್ಕಿಗೆ ಮಾತ್ರ ತಿರುಗಲಿಲ್ಲ. ತಿರುಗಿದರೆ ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಮಗಳದ್ದು ಹೊಟ್ಟೆನೋವಲ್ಲ, ಶಾಲೆನೋವು ಎಂದು ಅವಳನ್ನು ನಂಬಿಸಿದವನು ಅವನೇ. ಅವಳು ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದಾಗಲೆಲ್ಲ, ನಾಟಕ ಆಡುವವರಿಗೆ ಟಿಕೆಟ್ ಕೊಂಡು ಪ್ರೋತ್ಸಾಹ ಕೊಡಬಾರದು ಎಂದು ನಕ್ಕವನೂ ಅವನೇ. ಅವಳು ನಂಬಿದಳು. ನಂಬಿದ್ದಕ್ಕೆ ಈಗ ಅವನನ್ನು ದ್ವೇಷಿಸುತ್ತಿದ್ದಳು. ಅದು ಅನ್ಯಾಯ ಎಂದು ಅವನಿಗೆ ಅನ್ನಿಸಿತು. ನಂಬುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು, ಅವಳಿಗೇನು ಕಣ್ಣಿರಲಿಲ್ಲವೇ, ಊರಿಗೆಲ್ಲ ಕಣ್ಣು ಅಳೆದು ಕೊಡುವವಳಿಗೆ?

ಬೆಳಿಗ್ಗೆ ಮಗುವಿನ ಹೊಟ್ಟೆ ಊದಿಕೊಂಡು, ಹೊಳೆಯುವಷ್ಟು ಬಿಗಿದಿತ್ತು. ಬಾಡಿಗೆ ಕಾರಿನಲ್ಲಿ ಹೊತ್ತು ತಂದು ತುರ್ತು ವಿಭಾಗದ ಎತ್ತರದ ಮಂಚದ ಮೇಲೆ ಮಲಗಿಸಿದ್ದರು. ಎಕ್ಸ್-ರೇ ನೋಡಿ, ಹೊಟ್ಟೆ ಮುಟ್ಟಿ, ಮೋಟು ಕೂದಲಿನ ಹೆಂಗಸು, ಅವಳೇ ಆಪರೇಷನ್ ಮಾಡುವ ಡಾಕ್ಟರು, ಪಾಠ ಹೇಳುವವಳ ಹಾಗೆ ನಿಧಾನವಾಗಿ ವಿವರಿಸಿದಳು. ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಹೊಟ್ಟೆಯೊಳಗೆ ದಪ್ಪ ದಾರದಂಥ ಒಂದು ಪಟ್ಟಿ ಉಳಿದುಕೊಂಡಿರುತ್ತದಂತೆ. ಯಾರ ತಪ್ಪೂ ಅಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಕರುಳು ಅದರ ಕೆಳಗೆ ನುಸುಳಿದರೆ ಸಿಕ್ಕಿಕೊಳ್ಳುತ್ತದೆ, ಆಗ ನೋವು. ಎಷ್ಟೋ ಸಲ ತಾನೇ ಜಾರಿ ಬಿಡಿಸಿಕೊಳ್ಳುತ್ತದೆ, ಆಗ ಮಗು ಏನೂ ಆಗದ ಹಾಗೆ ಎದ್ದು ಆಡುತ್ತದೆ. ಒಂದು ದಿನ ಬಿಡಿಸಿಕೊಳ್ಳುವುದಿಲ್ಲ. ನನ್ನ ಅನುಮಾನ ಅದೇ, ಹೊಟ್ಟೆ ತೆರೆದ ಮೇಲೆ ಖಚಿತ ಎಂದಳು. ಏನೂ ಆಗದ ಹಾಗೆ ಎದ್ದು ಆಡುತ್ತದೆ ಎಂಬ ಮಾತು ಬಂದಾಗ ಹೆಂಡತಿ ತಲೆಯೆತ್ತಿ ಅವನನ್ನು ನೋಡಿದಳು. ಅದೇ ಕೊನೆ, ಆಮೇಲೆ ನೋಡಿರಲಿಲ್ಲ.

ಯಾಕೆಂದರೆ ಅದೇ ಅವನ ಪರೀಕ್ಷೆಯಾಗಿತ್ತು. ಬಸ್ಸಿನಲ್ಲಿ ಸಿಕ್ಕಿಬಿದ್ದವರು ಎದೆ ಹಿಡಿದುಕೊಳ್ಳುತ್ತಾರೆ, ತಲೆ ಸುತ್ತುತ್ತಿದೆ ಎನ್ನುತ್ತಾರೆ. ಅವನು ಆಗ ಮೆಲ್ಲಗೆ, ನಿಮ್ಮ ಚೀಲ ಬಿತ್ತು ನೋಡಿ ಎನ್ನುವನು. ನಿಜವಾಗಿ ನೋವಿರುವವನು ಚೀಲ ಹಾಳಾಗಿ ಹೋಗಲಿ ಎಂದು ಕೂತಿರುತ್ತಾನೆ, ಸೋಗಿನವನು ಬಗ್ಗುತ್ತಾನೆ. ಈ ಉಪಾಯವನ್ನು ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಕಲಿಸಿದ್ದ. ಮಗಳು ಮೊದಲ ಸಲ ಹೊಟ್ಟೆ ಅಮುಕಿಕೊಂಡು ಅಡುಗೆಮನೆಯ ನೆಲದಲ್ಲಿ ಮುದುಡಿದಾಗ ಅವನು ಹೆದರಿದ್ದ, ಎತ್ತಿಕೊಂಡಿದ್ದ, ಬೆನ್ನು ನೀವಿದ್ದ. ಎರಡನೆಯ ಸಲವೂ. ಆಮೇಲೆ ಒಂದು ಬೆಳಿಗ್ಗೆ, ಅವಳು ಗೋಡೆಗೆ ಒರಗಿ ನರಳುತ್ತಿದ್ದಾಗ, ಅಗೋ ಕಿಟಕಿಯಲ್ಲಿ ಅಳಿಲು ಎಂದ. ಅವಳು ತಿರುಗಿದಳು. ಎಲ್ಲಪ್ಪಾ ಎಂದಳು. ಕಣ್ಣೀರಿನ ಮುಖದಲ್ಲೇ ನಕ್ಕಳು, ಕಿಟಕಿಗೆ ಓಡಿದಳು. ಅವನ ಒಳಗೆ ಏನೋ ಟಕ್ಕನೆ ಮುಚ್ಚಿಕೊಂಡಿತು. ಸಿಕ್ಕಿಬಿದ್ದೆಯಾ ಎಂದ. ಅವಳಿಗೆ ಅರ್ಥವಾಗಲಿಲ್ಲ, ಅಳಿಲು ಎಲ್ಲಿ ಎಂದು ಮತ್ತೆ ಕೇಳಿದಳು. ಅವತ್ತಿನಿಂದ ಅವಳು ಮನೆಯಲ್ಲಿ ಸುಳ್ಳುಬುರುಕಿ. ಪ್ರೀತಿಯಿಂದಲೇ ಕರೆಯುತ್ತಿದ್ದ, ಬಂದವರ ಮುಂದೆ ಅವಳ ಹೊಟ್ಟೆನೋವಿನ ಅಭಿನಯ ಮಾಡಿ ತೋರಿಸುತ್ತಿದ್ದ, ಬಂದವರು ಬಿದ್ದು ಬಿದ್ದು ನಗುತ್ತಿದ್ದರು. ಅತ್ತಿಗೆ ಕೂಡ ಒಮ್ಮೆ ನಕ್ಕಿದ್ದಳು. ಈಗ ಎರಡು ಲೋಟ ಹಿಡಿದುಕೊಂಡು ಸತ್ಯಸಂಧೆಯಾಗಿದ್ದಾಳೆ. ಮಗಳೂ ನಗುತ್ತಿದ್ದಳು, ಬಂದವರೆಲ್ಲ ನಗುವಾಗ ತಾನೊಬ್ಬಳು ನಗದೆ ಇರುವುದು ಹೇಗೆಂದು ತಿಳಿಯದೆ.

ಮೂತ್ರಕ್ಕೆಂದು ಎದ್ದು ಹೋಗಿ ಬರುವಷ್ಟರಲ್ಲಿ ಆ ಕಾರಿಡಾರಿನ ಬಾಗಿಲಿಗೆ ಹೊಸ ಕಾವಲುಗಾರ ಬಂದಿದ್ದ. ಪಾಸ್ ಎಂದ. ಅವನು ಜೇಬು ತಡಕಿದ. ಪಾಸು ಅತ್ತಿಗೆಯ ಹತ್ತಿರ ಇತ್ತು. ನನ್ನ ಮಗಳು ಒಳಗಿದ್ದಾಳೆ ಎಂದ. ಎಲ್ಲರದ್ದೂ ಯಾರೋ ಒಬ್ಬರು ಒಳಗಿರ್ತಾರೆ ಎಂದ ಕಾವಲುಗಾರ, ಅವನ ಮುಖವನ್ನು ನೋಡದೆ ಅವನ ಕೈಗಳನ್ನು ನೋಡುತ್ತ. ಕೈಗಳನ್ನು ನೋಡಬೇಕೆಂದು ಈ ಬಡ್ಡೀಮಗನಿಗೆ ಹೇಳಿಕೊಟ್ಟವರು ಯಾರು? ಬಾಗಿಲಿನ ಗಾಜಿನಾಚೆ ಅತ್ತಿಗೆ ಕಾಣುತ್ತಿದ್ದಳು. ಅವನು ಕೈಬೀಸಿದ. ಅವಳು ನೋಡಿದಳು. ನೋಡಿ, ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದಳು, ಚೀಲದಲ್ಲಿಟ್ಟಳು, ಸೀರೆಯ ನಿರಿಗೆ ಸರಿಮಾಡಿಕೊಂಡಳು, ಆಮೇಲೆ ಎದ್ದು ಬಂದಳು. ಅಷ್ಟು ಹೊತ್ತೂ ಅವನು ಅಲ್ಲಿ, ಹೋಗುವವರು ಬರುವವರು ಮೈಸವರಿಕೊಂಡು ದಾಟುತ್ತಿದ್ದ ದಾರಿಯಲ್ಲಿ, ನಿಂತಿದ್ದ. ಇವರು ನಿಮ್ಮವರಾ ಎಂದು ಕಾವಲುಗಾರ ಕೇಳಿದ. ಅತ್ತಿಗೆ ಸ್ವಲ್ಪ ಯೋಚಿಸುವವಳ ಹಾಗೆ ಮಾಡಿ, ಮಗೂನ ತಂದೆ ಎಂದಳು.

ಆ ಎರಡು ಮಾತಿನಲ್ಲಿ ಅವಳಿಗೆ ಎಲ್ಲ ಗೊತ್ತಾಗಿಬಿಟ್ಟಿದೆ ಎಂದು ಅವನಿಗೆ ಅನ್ನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ. ಗೊತ್ತಾಗಲು ಸಾಧ್ಯವೇ ಇರಲಿಲ್ಲ. ನಿನ್ನೆ ಮನೆಯಲ್ಲಿದ್ದದ್ದು ಅವನು, ಮಗಳು ಇಬ್ಬರೇ. ಅವನಿಗೆ ವಾರದ ರಜೆ. ಶಾಲೆಯಲ್ಲಿ ಲೆಕ್ಕದ ಪರೀಕ್ಷೆ, ಮಗಳಿಗೆ ಹೊಟ್ಟೆನೋವು, ಇಷ್ಟು ಸಾಕಾಗಿತ್ತು. ಅವಳನ್ನು ಶಾಲೆಗೆ ಕಳಿಸದೆ, ಕಳಿಸಿದ್ದಕ್ಕಿಂತ ಕೆಟ್ಟ ದಿನ ತೋರಿಸುತ್ತೇನೆಂದು ಮನೆಯಲ್ಲಿಟ್ಟುಕೊಂಡ. ಟಿವಿ ಇಲ್ಲ, ಮಾತಿಲ್ಲ, ಲೆಕ್ಕ ಮಾಡು. ಮಧ್ಯಾಹ್ನ ಅವಳು ಕಿಟಕಿಯ ಹತ್ತಿರ ವಾಂತಿ ಮಾಡಿದಳು. ಹಸಿರು. ಎಲೆಯ ಹಸಿರಲ್ಲ, ಕೊಳೆತ ನೀರಿನ ಹಸಿರು. ಕಿಟಕಿಯ ಕಟ್ಟೆಯ ಮೇಲೆ ಅವಳು ಬಣ್ಣದ ಕುಂಚ ಅದ್ದಿಟ್ಟಿದ್ದ ಲೋಟವಿತ್ತು, ಅದರ ನೀರೂ ಹಸಿರು, ಲೋಟ ಅರ್ಧ ಖಾಲಿ. ಕೈಗೆ ಕೆಂಪು ಶಾಯಿ ಬಳಿದುಕೊಂಡು ಗಾಯವಾಗಿದೆ ಎಂದ ಹುಡುಗರನ್ನು ಕಂಡವನು ಅವನು. ಎಷ್ಟು ಬೇಗ ಅರ್ಥವಾಗಿಹೋಯಿತು! ಬಣ್ಣದ ನೀರು ಕುಡಿದು ಕಕ್ಕುವಷ್ಟು ಮುಂದುವರಿದಿದ್ದಾಳೆ. ನೆಲದ ಬಟ್ಟೆ ತಂದು ಅವಳ ಮುಂದೆ ಎಸೆದ. ನಾಟಕ ಆಡಿದವರೇ ರಂಗ ಒರೆಸಬೇಕು ಎಂದ. ಅವಳು ಮಂಡಿಯೂರಿ ಒರೆಸಿದಳು. ಒರೆಸುವಾಗ ನಡುವೆ ಒಮ್ಮೆ ನಿಂತು, ಹಣೆಯನ್ನು ನೆಲಕ್ಕೆ ಒತ್ತಿಕೊಂಡು ಹಾಗೇ ಇದ್ದಳು. ಅವನು ಕಾದ. ಅವಳು ಮತ್ತೆ ಒರೆಸಿದಳು. ಸಂಜೆ ಹೆಂಡತಿ ಬಂದು ಹೇಗಿದ್ದಳು ಎಂದು ಕೇಳಿದಾಗ ಅವನು, ಏನಿಲ್ಲ ಎಂದ. ಮಗಳ ಕಡೆ ನೋಡಿದ. ಏನಿಲ್ಲಮ್ಮ ಎಂದಳು ಮಗಳು. ಒಳ್ಳೆಯ ಪಾಠ ಕಲಿತಳು ಎಂದು ಅವನಿಗೆ ಆಗ ಸಮಾಧಾನವಾಗಿತ್ತು.

ಇದಿಷ್ಟಾಗಿದ್ದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಗೊತ್ತಿಲ್ಲದೆ ಮಾಡಿದ್ದು ಎನ್ನಬಹುದಿತ್ತು. ಆದರೆ ಬೆಳಿಗ್ಗೆ ತುರ್ತು ವಿಭಾಗದಲ್ಲಿ, ಪಟ್ಟಿಯ ಮಾತು ಬರುವ ಮುಂಚೆಯೇ, ಮಗು ಮತ್ತೆ ಹಸಿರು ಕಕ್ಕಿದಾಗ, ಆ ಮೋಟು ಕೂದಲಿನವಳು ತಟ್ಟನೆ ಕೇಳಿದ್ದಳು:

"ಈ ಥರ ಹಸಿರು ವಾಂತಿ ಶುರುವಾಗಿದ್ದು ಯಾವಾಗ? ಸರಿಯಾಗಿ ಹೇಳಿ, ಅದು ಮುಖ್ಯ."

ಹೆಂಡತಿ ಅವನ ಕಡೆ ನೋಡಿದಳು, ಅತ್ತಿಗೆ ನೋಡಿದಳು. ಮಂಚದ ಮೇಲಿಂದ ಮಗಳೂ ನೋಡಿದಳು.

"ಇವತ್ತು ಬೆಳಿಗ್ಗೆ," ಎಂದ.

ಎಷ್ಟು ಸಲೀಸಾಗಿ ಬಂತು. ಕಣ್ಣು ಕಿಟಕಿಯಾಚೆ ಹೋಗಲಿಲ್ಲ, ಕೈ ಜೇಬಿಗೆ ಹೋಗಲಿಲ್ಲ. ತನ್ನನ್ನು ತಾನೇ ಬಸ್ಸಿನಲ್ಲಿ ಎದುರಿಸಿದ್ದರೆ ಬಿಟ್ಟುಬಿಡುತ್ತಿದ್ದನೇನೋ. ಮಗಳು ಕಣ್ಣು ಮುಚ್ಚಿಕೊಂಡಳು. ಬೆಳಿಗ್ಗೆಯಾದರೆ ಸ್ವಲ್ಪ ಅವಕಾಶ ಇದೆ ಎಂದು ಡಾಕ್ಟರು, ಅಪಘಾತದಲ್ಲಿ ಗಾಯಗೊಂಡು ಬಂದಿದ್ದ ಇನ್ನೊಬ್ಬರನ್ನು ಮೊದಲು ಒಳಗೆ ತೆಗೆದುಕೊಂಡಳು. ಆ ಇನ್ನೊಬ್ಬರು ಹೊರಬರುವವರೆಗೂ ಮಗಳು ಕಾರಿಡಾರಿನಲ್ಲಿ ತಳ್ಳುಮಂಚದ ಮೇಲೆ ಮಲಗಿದ್ದಳು, ಅವನು ಪಕ್ಕದಲ್ಲಿ ನಿಂತಿದ್ದ, ಯಾವ ಕ್ಷಣದಲ್ಲಾದರೂ ಓಡಿಹೋಗಿ ಹೇಳಬಹುದಿತ್ತು. ಕಾಲು ಅಲ್ಲೇ ಇತ್ತು, ಬಾಯಿ ಅಲ್ಲೇ ಇತ್ತು.

ಕೆಂಪು ದೀಪ ಆರಿತು. ಡಾಕ್ಟರು ಟೋಪಿ ತೆಗೆಯುತ್ತ ಹೊರಬಂದಳು. ಎದುರಿನ ಬೆಂಚಿನವನೂ ಎದ್ದು ನಿಂತ. ತನ್ನವರ ಸುದ್ದಿಯಲ್ಲ ಎಂದು ತಿಳಿದು ಕೂತ, ಕೂತವನು ಈಗ ನಿಜವಾಗಿಯೇ ಮೂಗು ಒರೆಸಿಕೊಂಡ. ಅನುಮಾನ ಸರಿಯಿತ್ತು ಎಂದಳು ಡಾಕ್ಟರು. ಪಟ್ಟಿಯನ್ನು ಕತ್ತರಿಸಿದ್ದಾಯಿತು. ಅದರಡಿ ಸಿಕ್ಕಿದ್ದ ಕರುಳಿನಲ್ಲಿ ಒಂದು ಗೇಣು ಕಪ್ಪಾಗಿ ಸತ್ತಿತ್ತು, ತೆಗೆದು ಎರಡು ತುದಿ ಸೇರಿಸಿ ಹೊಲಿದಿದ್ದೇವೆ. ಅದರ ಪಕ್ಕದ ಇನ್ನಷ್ಟು ಬಣ್ಣಗೆಟ್ಟಿತ್ತು. ಬಿಸಿ ಬಟ್ಟೆ ಹೊದಿಸಿ ಕಾದೆವು, ಸ್ವಲ್ಪ ಬಣ್ಣ ಬಂತು, ಮಕ್ಕಳ ಕರುಳನ್ನು ಸುಮ್ಮನೆ ಕಳೆಯಬಾರದು, ಉಳಿಸಿದ್ದೇವೆ. ಅದು ಬದುಕದಿದ್ದರೆ ಮತ್ತೆ ತೆರೆಯಬೇಕಾಗುತ್ತದೆ, ತಡಮಾಡಿದರೆ ಮಗು ಉಳಿಯುವುದು ಕಷ್ಟ. ಔಷಧಿ ನಡೆಯುತ್ತಿದ್ದರೂ ನೋವು ಹೆಚ್ಚಾದರೆ ಅವಳೇ ಹೇಳಬೇಕು, ಅದೇ ನಮಗೆ ಮೊದಲ ಸುಳಿವು. ಸಣ್ಣದಕ್ಕೂ ಅಳುವ ಮಕ್ಕಳಾದರೆ ನಮಗೆ ಸುಲಭ ಎಂದು ದಣಿವಿನ ನಗೆ ನಕ್ಕಳು. ಹೋಗುವವಳು ನಿಂತು, ಇದು ಬೆಳಿಗ್ಗೆಯಿಂದ ಆದದ್ದು ಅನ್ನಿಸುವುದಿಲ್ಲ, ಅದಕ್ಕೆ ಮುಂಚೆ ಏನಾದರೂ ಗಮನಿಸಿದ್ದಿರಾ ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ.

ಮರುದಿನ ಮಧ್ಯಾಹ್ನ ವಾರ್ಡಿನಲ್ಲಿ ಅವನೊಬ್ಬನೇ ಮಗಳ ಹತ್ತಿರ ಕೂತಿದ್ದ. ಹೆಂಡತಿಯನ್ನು ಅತ್ತಿಗೆ ಬಲವಂತವಾಗಿ ಊಟಕ್ಕೆ ಕರೆದುಕೊಂಡು ಹೋಗಿದ್ದಳು. ಮಗಳ ಮೂಗಿನಲ್ಲಿ ನಳಿಕೆ, ಅದರ ತುದಿಯ ಚೀಲದಲ್ಲಿ ಹಸಿರು. ಬೆಳಿಗ್ಗೆ ಕಣ್ಣುಬಿಟ್ಟು ಅಮ್ಮನ ಜೊತೆ ಎರಡು ಮಾತಾಡಿದ್ದಳಂತೆ, ನೋವು ಸ್ವಲ್ಪ ಇದೆ ಎಂದಿದ್ದಳಂತೆ. ಈಗ ಚಾವಣಿ ನೋಡುತ್ತಿದ್ದಳು. ಹೊದಿಕೆಯ ಕೆಳಗೆ ಕಾಲ್ಬೆರಳುಗಳು ಒಳಕ್ಕೆ ಮಡಿಚಿಕೊಂಡದ್ದು ಹೊದಿಕೆಯ ಮೇಲೇ ಕಾಣುತ್ತಿತ್ತು. ಮೇಲ್ದುಟಿಯ ಮೇಲೆ ಬೆವರು. ಉಸಿರನ್ನು ಪೂರ್ತಿ ಎಳೆದುಕೊಳ್ಳದೆ, ಯಾರೂ ಕೇಳಬಾರದೆನ್ನುವ ಹಾಗೆ, ಸಣ್ಣ ಸಣ್ಣದಾಗಿ ಆಡುತ್ತಿದ್ದಳು.

"ನೋವಿದ್ಯಾ ಮಗಳೇ?"

"ಇಲ್ಲಪ್ಪ."

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಟಿಕೆಟ್ ಎನ್ನುವ ಮೊದಲೇ ತಗೊಂಡಿದೀನಿ ಎನ್ನುವವರ ಹಾಗೆ. ತುಂಬಾ ನೋವಿದೆಯಾ, ಸ್ವಲ್ಪ ಇದೆಯಾ, ಸುಮ್ಮನೆ ತಲೆಯಾಡಿಸಿದರೂ ಸಾಕು ಎಂದ. ಇಲ್ಲಪ್ಪ, ನಿಜವಾಗ್ಲೂ ಇಲ್ಲ ಎಂದಳು, ವಿನಯದಿಂದ, ಮನೆಗೆ ಬಂದ ದೊಡ್ಡವರ ಹತ್ತಿರ ಮಾತಾಡುವಂತೆ. ಅವನು ನರ್ಸನ್ನು ಕರೆದ. ನರ್ಸು ಕೇಳಿದಳು, ಮಗಳು ಒಮ್ಮೆ ಅಪ್ಪನ ಕಡೆ ನೋಡಿ, ಇಲ್ಲ ಎಂದಳು. ಮಗುವೇ ಇಲ್ಲ ಅನ್ನುವಾಗ ನೀವ್ಯಾಕೆ ಗಾಬರಿ ಬೀಳುತ್ತೀರಿ, ಗಟ್ಟಿ ಹುಡುಗಿ ಎಂದು ನರ್ಸು ಕೆನ್ನೆ ಸವರಿ ಹೋದಳು. ಒಂದು ಸಲ ಅತ್ತುಬಿಡಬಾರದೇ ಹಾಳಾದವಳು, ಎಂದು ಅವನಿಗೆ ಮೈಯೆಲ್ಲ ಉರಿಯಿತು. ತಿಂಗಳುಗಟ್ಟಲೆ ಅತ್ತು ರಗಳೆ ಮಾಡಿದವಳು ಇವತ್ತು ಹಲ್ಲುಕಚ್ಚಿ ಮಲಗಿ ತನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆ. ಆಮೇಲೆ ಅವಳ ಕೈ ನೋಡಿದ. ಹೊದಿಕೆಯ ಅಂಚನ್ನು ಹಿಡಿದಿದ್ದ ಬೆರಳುಗಳ ಗೆಣ್ಣು ಬೆಳ್ಳಗಾಗಿತ್ತು. ಇದು ಸೇಡಲ್ಲ. ಅವಳು ಒಳ್ಳೆಯವಳಾಗಿರಲು ಪ್ರಯತ್ನಿಸುತ್ತಿದ್ದಳು. ಅವಳನ್ನು ಎತ್ತಿಕೊಳ್ಳಬೇಕೆನ್ನಿಸಿತು, ಮುಟ್ಟಲು ಹೆದರಿಕೆಯಾಯಿತು.

ಡಾಕ್ಟರು ತನ್ನ ಹಿಂಡಿನೊಂದಿಗೆ ಬರುವ ಹೊತ್ತಿಗೆ ಹೆಂಡತಿಯೂ ಅತ್ತಿಗೆಯೂ ಬಂದಿದ್ದರು. ಅವನು ಮಂಚದ ಕಾಲಿನ ಕಡೆ ಸರಿದು ನಿಂತ. ನಾಡಿ ಸ್ವಲ್ಪ ಜೋರಿದೆ ಎಂದು ಚಿಕ್ಕ ಡಾಕ್ಟರೊಬ್ಬ ಹೇಳಿದ. ಆಪರೇಷನ್ ಆದ ಮಾರನೆಯ ದಿನ ಅಷ್ಟಿರುತ್ತದೆ ಎಂದಳು ಅವಳು. ಹೊಟ್ಟೆಯ ಬ್ಯಾಂಡೇಜಿನ ಬದಿಯಲ್ಲಿ ಮೆಲ್ಲಗೆ ಒತ್ತಿದಳು. ಮಗಳು ಉಸಿರು ಬಿಗಿಹಿಡಿದಳು, ಕಣ್ಣು ಅಪ್ಪನ ಮೇಲೆ.

"ಇಲ್ಲಿ ನೋವಾಗುತ್ತಾ ಪುಟ್ಟಾ?"

"ಇಲ್ಲ."

"ಜಾಣೆ," ಎಂದಳು ಡಾಕ್ಟರು. ಕೈ ತೆಗೆದಳು. ಸಂಜೆ ಮತ್ತೆ ನೋಡೋಣ ಎಂದು ಪಕ್ಕದ ಮಂಚದ ಕಡೆ ತಿರುಗಿದಳು. ಹಿಂಡು ತಿರುಗಿತು. ಹೆಂಡತಿಯ ಮುಖದಲ್ಲಿ ಎರಡು ದಿನದಿಂದ ಕಾಣದ ಒಂದು ಬೆಳಕು ಬಂದಿತ್ತು. ಈಗ ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ತನ್ನ ಕಣ್ಣು ಎಷ್ಟೋ ಸಲ ತಪ್ಪಿದೆ, ಈ ಸಲವೂ ತಪ್ಪಿರಬಹುದಲ್ಲ? ಸಂಜೆಗೆ ಎಷ್ಟು ಹೊತ್ತು, ನೋಡಿದರಾಯಿತು. ಹೀಗೆಂದುಕೊಳ್ಳುತ್ತಿರುವಾಗಲೇ ಅವನ ಬಾಯಿ ಮಾತಾಡಿತು.

"ಸುಳ್ಳು ಹೇಳ್ತಿದಾಳೆ."

ಹೆಂಡತಿ ನಿಧಾನವಾಗಿ ಅವನ ಕಡೆ ತಿರುಗಿದಳು.

"ಇನ್ನೂ ಸಾಕಾಗ್ಲಿಲ್ವಾ ನಿಮಗೆ?" ಎಂದಳು. "ಹೊಟ್ಟೆ ಸೀಳಿಸಿಕೊಂಡು ಮಲಗಿರೋ ಮಗೂನೂ ಬಿಡಲ್ವಾ?"

ಅತ್ತಿಗೆ ಮುಂದೆ ಬಂದು, ದಯವಿಟ್ಟು ಇವರನ್ನು ಆಚೆ ಕಳಿಸಿ ಎಂದು ಡಾಕ್ಟರಿಗೆ ಕೈಮುಗಿದಳು. ಪಕ್ಕದ ಮಂಚದವರು ಕತ್ತು ಚಾಚಿ ನೋಡುತ್ತಿದ್ದರು. ಅವನಿಗೆ ಎಲ್ಲ ಮುಖಗಳೂ ಒಂದೇ ಮುಖವಾಗಿ ಕಂಡವು, ಟಿಕೆಟ್ ಇಲ್ಲದವನು ಸಿಕ್ಕಿಬಿದ್ದಾಗ ಇಡೀ ಬಸ್ಸು ತಿರುಗಿ ನೋಡುವ ಮುಖ. ಆ ಮುಖ ಇದುವರೆಗೆ ಅವನ ಕಡೆಗೆ ತಿರುಗಿರಲಿಲ್ಲ.

"ನೋವಿದೆ ಅವಳಿಗೆ," ಎಂದ. "ತುಂಬಾ ಇದೆ. ನನ್ನ ಮುಂದೆ ಹೇಳಲ್ಲ ಅವಳು. ಮೊನ್ನೆ ಮಧ್ಯಾಹ್ನಾನೇ ಹಸಿರು ವಾಂತಿ ಆಗಿತ್ತು. ಬಣ್ಣದ ನೀರು ಕುಡಿದು ನಾಟಕ ಆಡ್ತಿದಾಳೆ ಅಂದ್ಕೊಂಡೆ. ಅವಳ ಕೈಲೇ ಒರೆಸಿಸಿದೆ. ನಿಮ್ಮ ಹತ್ರ ಬೆಳಿಗ್ಗೆ ಅಂತ ಸುಳ್ಳು ಹೇಳಿದ್ದು ನಾನು. ಅವಳಿಗೆ ಗೊತ್ತು. ನಾನು ಇಲ್ಲಿದ್ರೆ ಅವಳು ಇಲ್ಲ ಅಂತಲೇ ಹೇಳ್ತಾಳೆ."

ಡಾಕ್ಟರು ಅವನನ್ನು ನೋಡಿದಳು. ಅದರಲ್ಲಿ ಸಿಟ್ಟು ಕೂಡ ಇರಲಿಲ್ಲ, ಅಷ್ಟಕ್ಕೆ ಅವಳಿಗೆ ಸಮಯವಿರಲಿಲ್ಲ.

"ಹಾಗಾದ್ರೆ ಹೊರಗೆ ಹೋಗಿ," ಎಂದಳು.

ಹೆಂಡತಿಯ ಮುಖ ನೋಡದೆ ಅವನು ಹೊರಗೆ ಹೋದ. ವಾರ್ಡಿನ ಬಾಗಿಲು ಹಿಂದೆ ತಾನಾಗಿ ಮುಚ್ಚಿಕೊಂಡಿತು. ಕಾರಿಡಾರಿನಲ್ಲಿ ಒಬ್ಬ ಹೆಂಗಸು ನೆಲ ಒರೆಸುತ್ತಿದ್ದಳು, ಒದ್ದೆಯ ಮೇಲೆ ಕಾಲಿಡಬೇಡಿ ಎಂದಳು. ಅವನು ಗೋಡೆಗೆ ಆತುಕೊಂಡ. ಒಳಗಿಂದ ಡಾಕ್ಟರ ಧ್ವನಿ ಕೇಳಿತು, ಮೆಲ್ಲಗೆ, ಏನೋ ಕೇಳುತ್ತಿದ್ದಳು. ಹೆಂಡತಿಯ ಧ್ವನಿ. ಆಮೇಲೆ ಮಗಳು ಅತ್ತಳು. ಅವಳು ಹೀಗೆ ಅತ್ತದ್ದನ್ನು ಅವನು ಎಷ್ಟು ತಿಂಗಳಿಂದ ಕೇಳಿರಲಿಲ್ಲವೆಂದು ಆಗ ತಿಳಿಯಿತು. ನಾಚಿಕೆಯಿಲ್ಲದ, ದೊಡ್ಡ ಬಾಯಿಯ, ಎಳೆಗೂಸಿನ ಅಳು. ನೋಯ್ತಿದೆ, ಅಮ್ಮಾ ನೋಯ್ತಿದೆ ಎಂದು ಕಿರುಚುತ್ತಿದ್ದಳು. ಥಿಯೇಟರ್‌ಗೆ ಹೇಳಿ, ಈಗಲೇ ಎಂದಳು ಡಾಕ್ಟರು. ಚಪ್ಪಲಿಗಳು ಓಡಿದವು. ಮಂಚದ ಬ್ರೇಕು ಬಿಚ್ಚಿದ ಸದ್ದಾಯಿತು.

ಬಾಗಿಲು ತೆರೆದು ಮಂಚ ಹೊರಬಂತು. ಒಂದು ಬದಿ ನರ್ಸು, ಇನ್ನೊಂದು ಬದಿ ಡ್ರಿಪ್ಪಿನ ಚೀಲ ಎತ್ತಿಹಿಡಿದ ಹೆಂಡತಿ. ಮಗಳು ಬಾಯಿ ತೆರೆದು ಅಳುತ್ತ ಬರುತ್ತಿದ್ದಳು. ಅವನನ್ನು ಕಂಡಳು. ಕಂಡ ಕೂಡಲೇ ಬಾಯಿ ಮುಚ್ಚಿದಳು. ತುಟಿಗಳನ್ನು ಒಳಕ್ಕೆ ಎಳೆದುಕೊಂಡು ಹಲ್ಲಿನಿಂದ ಕಚ್ಚಿ ಹಿಡಿದಳು, ಗದ್ದ ನಡುಗುತ್ತಿತ್ತು.

ಅವನು ಗೋಡೆಯ ಕಡೆ ತಿರುಗಿ ನಿಂತ. ಹಣೆಯನ್ನು ಗೋಡೆಗೆ ಒತ್ತಿ, ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ. ಮಂಚದ ಗಾಲಿಗಳು ಅವನ ಬೆನ್ನ ಹಿಂದೆ ಹಾದುಹೋದವು. ಅವು ಲಿಫ್ಟಿನ ಹತ್ತಿರ ನಿಂತವು. ಅವನು ತಿರುಗಲಿಲ್ಲ, ಉಸಿರೂ ಆಡಲಿಲ್ಲ. ಲಿಫ್ಟು ಬಂತು, ಬಾಗಿಲು ತೆರೆಯಿತು, ಆಗ ಅವಳು ಮತ್ತೆ ಅಳಲು ಶುರುಮಾಡಿದಳು.